ದವಡೆ ವಾರ್ಡಿನಲ್ಲಿ ಪಿಳ್ಳಮ್ಮಜ್ಜಿಯ ಮುದ್ದೆ

ದವಡೆ ವಾರ್ಡಿಗೆ ಡ್ಯೂಟಿ ಹಾಕಿದ್ದಾರೆ ಎಂದು ಮೂತಿ ಊದಿಸಿಕೊಂಡು ಬರುವ ಹುಡುಗಿಯರನ್ನು ನಾನು ಎಷ್ಟು ಜನರನ್ನು ನೋಡಿಲ್ಲ! ಹೃದಯದ ವಾರ್ಡಿಗೆ ಹೋದವಳಿಗೆ ಜಂಬ, ಹೆರಿಗೆ ವಾರ್ಡಿಗೆ ಹೋದವಳಿಗೆ ದಿನಾ ಸಿಹಿತಿಂಡಿ, ನಮ್ಮಲ್ಲಿಗೆ ಬಂದವಳಿಗೆ ಮಾತ್ರ ಜೊಲ್ಲು ಒರೆಸುವ ಕೆಲಸ ಅಂತ ಅವರ ಲೆಕ್ಕ. ಸಿಂಗಸಂದ್ರದ ನನ್ನ ಮನೆಯ ವರಾಂಡದಲ್ಲಿ ಕೂತು ಇದನ್ನು ಬರೆಯುತ್ತಿರುವುದು ಆ ಹುಡುಗಿಯರಿಗಾಗಿಯೇ. ನನ್ನನ್ನು ಯಾವಾಗ ಇನ್‌ಚಾರ್ಜ್ ಸಿಸ್ಟರ್ ಮಾಡಿದರು, ಬೀಳ್ಕೊಡುಗೆಗೆ ಯಾವ ಶಾಲು ಹೊದಿಸಿದರು ಅನ್ನುವುದೆಲ್ಲ ಇಲ್ಲಿ ಬೇಡ. ಆ ಶಾಲು ಈಗ ನಮ್ಮ ವಾಷಿಂಗ್ ಮೆಷಿನ್ನಿನ ಮೇಲೆ ಚೆನ್ನಾಗಿ ಹೊಂದಿಕೊಂಡಿದೆ.

ಮೊದಲು ಕೆಲಸ ಏನೆಂದು ತಿಳಿದುಕೊಳ್ಳಿ. ಕೆಲವರಿಗೆ ಕೆಳದವಡೆ ಮುಂದಕ್ಕೆ ಬೆಳೆದಿರುತ್ತದೆ, ಕೆಲವರಿಗೆ ಹಿಂದೆಯೇ ಉಳಿದಿರುತ್ತದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಜನ್ಮದಲ್ಲಿ ಭೇಟಿಯೇ ಆಗಿರುವುದಿಲ್ಲ. ಬಾಯಿಯ ಒಳಗಿನಿಂದಲೇ ಮೂಳೆ ಕತ್ತರಿಸಿ, ಸರಿಯಾದ ಜಾಗಕ್ಕೆ ಸರಿಸಿ, ಪುಟ್ಟ ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತಾರೆ. ನಾನು ಸೇರಿದ ಕಾಲದಲ್ಲಿ ಈ ಪ್ಲೇಟು ಎಲ್ಲರಿಗೂ ಇರಲಿಲ್ಲ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಲ್ಲಿ ಬಿಗಿಯುತ್ತಿದ್ದರು, ವಾರಗಟ್ಟಲೆ ಬಾಯಿ ಬಂದ್. ಪ್ರತಿ ಮಂಚದ ತಲೆಯ ಹತ್ತಿರ ತಂತಿ ಕತ್ತರಿಸುವ ಕಟರ್ ಒಂದನ್ನು ನೇತುಹಾಕಿರುತ್ತಿದ್ದೆವು, ವಾಂತಿ ಬಂದರೆ ಒಂದು ಕ್ಷಣವೂ ತಡಮಾಡದೆ ಕತ್ತರಿಸಬೇಕಲ್ಲ, ಅದಕ್ಕೆ. ಈಗ ತಂತಿಯ ಬದಲು ಸಣ್ಣ ರಬ್ಬರ್ ಬ್ಯಾಂಡು. ಹಲ್ಲುಜ್ಜುವಾಗ ರೋಗಿಯೇ ತೆಗೆದು ಮತ್ತೆ ಹಾಕಿಕೊಳ್ಳಬಹುದು. ಇಷ್ಟು ಸುಖ ಕಂಡ ನೀವು ಮೂತಿ ಊದಿಸಿದರೆ ನನಗೆ ಸಿಟ್ಟು ಬರದೆ ಇರುತ್ತದೆಯೇ?

ನಮ್ಮ ಸರ್ಜನ್ನರನ್ನು ಎಲ್ಲರೂ ಚೀಫ್ ಸಾರ್ ಎನ್ನುತ್ತಿದ್ದೆವು. ಕೈ ಎಂದರೆ ಕೈ ಅವರದು, ಅದರಲ್ಲಿ ಎರಡು ಮಾತಿಲ್ಲ. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಹಲ್ಲುಗಳು ಒಂದರ ಮೇಲೊಂದು ನೆಟ್ಟಗೆ ಕೂತಿರುವುದನ್ನು ನೋಡಿದರೆ ಅವರ ಮುಖ ಅರಳುತ್ತಿತ್ತು. ಆದರೆ ಆ ಎಕ್ಸ್-ರೇಯ ಯಜಮಾನರು ಮಂಚದ ಮೇಲೆ ಅಳುತ್ತಾ ಕೂತಿದ್ದರೆ ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. "ಸರೋಜಾ, ಎಲ್ಲ ಪರ್ಫೆಕ್ಟ್ ಇದೆ, ಮತ್ಯಾಕೆ ಅಳ್ತಾರೆ? ನೋವಿನ ಇಂಜೆಕ್ಷನ್ ಕೊಡಿ" ಎನ್ನುವರು. ನಾನು ಎದುರಿಗೇ ಹೇಳುತ್ತಿದ್ದೆ: "ಸಾರ್, ಅದು ನೋವಿನ ಅಳು ಅಲ್ಲ. ಇಂಜೆಕ್ಷನ್ ವೇಸ್ಟು." ಬೇರೆ ವಾರ್ಡಿನವರು ಹಾಗೆ ಮಾತಾಡಿದ್ದರೆ ಮೆಮೊ ಬರುತ್ತಿತ್ತೋ ಏನೋ. ಅವರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು ಹೋಗಿಬಿಡುತ್ತಿದ್ದರು.

ಆ ಅಳುವಿಗೆ ನಮ್ಮ ವಾರ್ಡಿನಲ್ಲಿ 'ಮೂರನೇ ದಿನದ ಅಳು' ಎಂದೇ ಹೆಸರು. ಮುಖ ಹಲಸಿನಕಾಯಿಯಂತೆ ಊದಿರುತ್ತದೆ, ತುಟಿ, ಗದ್ದ ಎಲ್ಲ ಜೋಮು. ಬಾಯಿಂದ ನೀರು ಸುರಿದರೂ ಗೊತ್ತಾಗುವುದಿಲ್ಲ. ಇಷ್ಟು ಕಷ್ಟಪಟ್ಟು ನಾನೇ ಕೇಳಿ ಮಾಡಿಸಿಕೊಂಡೆನಲ್ಲ, ಇದ್ದ ಮುಖವೂ ಹೋಯಿತಲ್ಲ ಎಂದು ಅತ್ತುಬಿಡುತ್ತಾರೆ. ಅದಕ್ಕೇ ಹಿಂದೆ ಆಪರೇಷನ್ನಿನ ಹಿಂದಿನ ದಿನವೇ ಬಾತ್‌ರೂಮಿನ ಕನ್ನಡಿ ಕಳಚಿಡುವುದು ನಮ್ಮ ಪದ್ಧತಿಯಾಗಿತ್ತು. ಮೊಬೈಲು ಬಂದಮೇಲೆ ಆ ಪದ್ಧತಿ ನೆಗೆದುಬಿತ್ತು. ಹೊದಿಕೆಯೊಳಗೆ ಸೆಲ್ಫಿ ತೆಗೆದು ನೋಡಿಕೊಳ್ಳುತ್ತಾರೆ, ಒಬ್ಬರೇ ನೋಡಿಕೊಂಡು ಒಬ್ಬರೇ ಅಳುತ್ತಾರೆ. ನಾನು ಕನ್ನಡಿಯನ್ನು ವಾಪಸ್ ಗೋಡೆಗೆ ಹೊಡೆಸಿದೆ. ಮೊದಲ ಸಲ ನೋಡುವುದು ನನ್ನ ಜೊತೆ, ನನ್ನ ಕೈ ಹಿಡಿದುಕೊಂಡು ಎಂದು ನಿಯಮ ಮಾಡಿದೆ. "ನೋಡು ಪುಟ್ಟ, ಇದು ನಿನ್ನ ಮುಖ ಅಲ್ಲ, ಊತ. ನಿನ್ನ ಮುಖ ಇದರ ಹಿಂದೆ ಕೂತಿದೆ, ನಿಧಾನಕ್ಕೆ ಬರುತ್ತೆ." ಇಷ್ಟು ಹೇಳುವುದಕ್ಕೆ ಯಾವ ಟ್ರೈನಿಂಗೂ ಬೇಕಿಲ್ಲ, ಪಕ್ಕದಲ್ಲಿ ನಿಂತಿರಬೇಕು ಅಷ್ಟೇ.

ತೃಪ್ತಿ ಅನ್ನುವುದು ಎಲ್ಲಿಂದ ಬರುತ್ತದೆಂದು ಮಾತ್ರ ಹೇಳಲಾಗುವುದಿಲ್ಲ. ಮಾದನಾಯಕನಹಳ್ಳಿಯಿಂದ ಒಬ್ಬ ಬಂದಿದ್ದ, ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುವವನು. ತಿಂಗಳುಗಳಾದ ಮೇಲೆ ಚೆಕಪ್ಪಿಗೆ ಬಂದಾಗ ಚೀಫ್ ಸಾರ್ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಮುಖ ಹೇಗನ್ಸುತ್ತಪ್ಪಾ ಈಗ?" ಎಂದರು. "ಮುಖ ಬಿಡಿ ಸಾರ್, ಅದನ್ನ ಯಾರು ನೋಡ್ತಾರೆ? ನಿನ್ನೆ ಚಕ್ಕುಲಿ ಕಡಿದೆ! ಕಟಂ ಅಂತು!" ಎಂದು ನಮಗೂ ಒಂದು ಡಬ್ಬಿ ತುಂಬ ಚಕ್ಕುಲಿ ಕೊಟ್ಟು ಹೋದ. ಇನ್ನೊಬ್ಬ ವೈಟ್‌ಫೀಲ್ಡಿನ ಹುಡುಗ. ಆಪರೇಷನ್ನಿಗೆ ಮೊದಲು ಕಂಪ್ಯೂಟರಿನಲ್ಲಿ ಮುಂದಾಗುವ ಮುಖ ತೋರಿಸುತ್ತಾರಲ್ಲ, ಆ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಕನ್ನಡಿಯ ಪಕ್ಕ ಹಿಡಿದು, ಮೂಗಿನ ಕೆಳಗೆ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುತ್ತಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ಅವನಿಗೆ ಮಾತ್ರ ನೆಮ್ಮದಿ ಇಲ್ಲ. "ಎದುರಿಗೆ ಕೂತು ಕಾಫಿ ಕುಡಿಯೋರು ನಿನ್ನ ಮುಖಕ್ಕೆ ಸ್ಕೇಲ್ ಇಟ್ಟು ನೋಡ್ತಾರೇನೋ ಮಾರಾಯಾ?" ಎಂದು ಬೈದೆ. ಆ ಚಿತ್ರವನ್ನು ಅಳಿಸಿ ಹಾಕಿದ ಮೇಲೆಯೇ ಅವನು ಸರಿಹೋದದ್ದು.

ಇವರಿಬ್ಬರಿಂದ ನಾನು ಒಂದು ವಿಷಯ ಕಲಿತೆ. ಆಪರೇಷನ್ನಿಗೆ ಮೊದಲು ಪ್ರತಿಯೊಬ್ಬರನ್ನೂ ಎರಡು ಪ್ರಶ್ನೆ ಕೇಳುತ್ತಿದ್ದೆ. ನಿನಗೆ ಏನು ಬೇಕು ಅನ್ನುವುದು ಒಂದು. ಮನೆಯಲ್ಲಿ ಬೇಡ ಅನ್ನುತ್ತಿರುವವರು ಯಾರು ಅನ್ನುವುದು ಇನ್ನೊಂದು. ಹೂಂ ಅಂದವರು ಹೇಗೂ ಜೊತೆಗೆ ಬಂದೇ ಬರುತ್ತಾರೆ. ಬೇಡ ಅನ್ನುವವರನ್ನು ಕರೆದುಕೊಂಡು ಬಾ ಎನ್ನುತ್ತಿದ್ದೆ. ಆರು ತಿಂಗಳು ಮನೆಯಲ್ಲಿ ಆ ಮುಖದ ಎದುರು ಕೂತು ಉಣ್ಣುವವರು ಅವರಲ್ಲವೇ?

ಹೇಮಲತಾ ಅನ್ನುವ ಹುಡುಗಿಗೂ ಇದನ್ನೇ ಕೇಳಿದೆ. ಜಿಗಣಿಯವಳು, ಅಲ್ಲಿಯೇ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ. ಕೆಳದವಡೆ ಮುಂದೆ ಚಾಚಿತ್ತು, ಮುಂದಿನ ಹಲ್ಲಿನಲ್ಲಿ ಏನನ್ನೂ ಕಚ್ಚಲಾಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು ಊಟ ಮಾಡುತ್ತಿದ್ದಳಂತೆ. "ನನಗೆ ಚೆನ್ನಾಗಿ ಕಾಣ್ಬೇಕು ಅಂತೇನಿಲ್ಲ ಸಿಸ್ಟರ್. ರೋಡಲ್ಲಿ ನಿಂತ್ಕೊಂಡು ಜೋಳದ ತೆನೆ ಕಚ್ಚಿ ತಿನ್ಬೇಕು, ಎಲ್ರೂ ತಿಂತಾರಲ್ಲ, ಹಾಗೆ" ಎಂದಳು. ಎರಡನೆಯ ಪ್ರಶ್ನೆ ಕೇಳಿದ್ದೇ ತಡ ಕಣ್ಣು ಕೆಳಗಾಯಿತು. "ನಮ್ಮಜ್ಜಿ."

ಅಜ್ಜಿ ಬಂದರು. ಪಿಳ್ಳಮ್ಮ, ಹೇಮಳ ಅಪ್ಪನ ತಾಯಿ. ಅವರದು ಊರಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕಟ್ಟಡ ಎದ್ದಿದೆ, ಹೇಮಳ ತಾಯಿ ಅದರ ಉಸ್ತುವಾರಿ ನೋಡಿಕೊಳ್ಳುತ್ತಾರೆ, ಹೇಮಳನ್ನು ಸಾಕಿದ್ದೆಲ್ಲ ಅಜ್ಜಿ. ಕುರ್ಚಿ ತೋರಿಸಿದರೆ ಕೂರಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನರ್ಸಮ್ಮ, ಈ ಮಗೀಗೆ ಏನಾಗೈತೆ ಅಂತ ಕುಯ್ತೀರಿ? ನನ್ ಮಗ ತೀರ್ಕಂಡು ವರ್ಸಾಯ್ತು. ಅವನ ಮುಖ ಇವಳ ಮೇಲೈತೆ. ಇದೇ ಗದ್ದ, ಇದೇ ದವಡೆ. ಎದ್ದೇಟ್ಗೆ ಇವಳ ಮುಖ ನೋಡ್ತೀನಿ, ಅವನೇ ಕೂತಂಗಿರ್ತದೆ. ಅದನ್ನೂ ತೆಗ್ದು ಬಿಸಾಕ್ಬಿಡ್ತೀರಾ?"

ನಾನು ಹೇಮಳ ಕಡೆ ನೋಡಿದೆ. ಅವಳು, "ಅಜ್ಜಿ, ಅಪ್ಪಂಗೂ ಕಚ್ಚಕ್ಕಾಗ್ತಿರ್ಲಿಲ್ಲ. ನೀನೇ ಅಲ್ವಾ ಎಲ್ಲಾನೂ ಕಿವುಚಿ ಕೊಡ್ತಿದ್ದೆ ಅಂತ ಹೇಳ್ತಿದ್ದೋಳು?" ಎಂದಳು. ಅಜ್ಜಿ ಮೊಮ್ಮಗಳ ಗದ್ದವನ್ನು ಐದೂ ಬೆರಳಲ್ಲಿ ಹಿಡಿದು, ಆ ಬೆರಳುಗಳನ್ನು ತನ್ನ ತುಟಿಗೆ ಒತ್ತಿಕೊಂಡು, "ಮಾಡಿಸ್ಕೋ ಓಗು ಏಮಾ" ಎಂದರು. ಮನೆಯಿಂದ ಹೊರಡುವಾಗಲೆಲ್ಲ ಅಜ್ಜಿ ಹಾಗೆ ಗದ್ದ ಹಿಡಿದು ಮುದ್ದು ತೆಗೆಯುವುದು ಅವಳು ಕೂಸಾಗಿದ್ದಾಗಿನಿಂದ ಬಂದದ್ದಂತೆ.

ಆಪರೇಷನ್ ಬಹಳ ಚೆನ್ನಾಗಿ ಆಯಿತು. ಚೀಫ್ ಸಾರ್ ಎಕ್ಸ್-ರೇಯನ್ನು ಕಿರಿಯ ಡಾಕ್ಟರುಗಳಿಗೆಲ್ಲ ತೋರಿಸಿದರು. ಮೂರನೇ ದಿನದ ಅಳುವೂ ಹೇಳಿ ಕಳಿಸಿದ ಹಾಗೆ ಬಂತು, ಅದಕ್ಕೆ ನಾವು ತಯಾರಿದ್ದೆವು. ಆದರೆ ಅಜ್ಜಿ ನೋಡಲು ಬಂದ ದಿನ ನಡೆದದ್ದಕ್ಕೆ ನಾನು ತಯಾರಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು. ಊತ ಇಳಿಯುತ್ತಿತ್ತು, ಹೊಸ ಮುಖ ಮೆಲ್ಲನೆ ಕಾಣಿಸುತ್ತಿತ್ತು. ಹತ್ತಿರ ಬಂದರು, ತಲೆ ಸವರಿದರು, ಹಣೆಯ ಮೇಲಿನ ಕೂದಲು ಸರಿಸಿದರು. ಹೊರಡುವಾಗ ಹೇಮಾ ಮುಖವನ್ನು ಮುಂದೆ ಚಾಚಿದಳು. ಅಜ್ಜಿಯ ಕೈ ಅರ್ಧಕ್ಕೆ ಬಂದು ವಾಪಸ್ ಹೋಯಿತು. ಸೆರಗು ಸರಿಮಾಡಿಕೊಂಡು ಹೊರಟುಬಿಟ್ಟರು.

ಮನೆಗೆ ಹೋದಮೇಲೂ ಹಾಗೆಯೇ. ತಾಯಿ ಫೋನಿನಲ್ಲಿ ಹೇಳುತ್ತಿದ್ದರು: "ಗಂಜಿ ಕುಡೀತಿಲ್ಲ ಸಿಸ್ಟರ್, ಜ್ಯೂಸ್ ಕುಡೀತಿಲ್ಲ. ಅತ್ತೆ ಒಂದ್ ಮೂಲೆ, ಇವಳೊಂದ್ ಮೂಲೆ. ನಾನು ಯಾರ್ನ ಅಂತ ಸಮಾಧಾನ ಮಾಡ್ಲಿ?" ಚೆಕಪ್ಪಿಗೆ ಬಂದಾಗ ಹುಡುಗಿ ಸೊರಗಿದ್ದಳು. ನಮ್ಮ ಆಸ್ಪತ್ರೆಯಲ್ಲಿ ಟ್ಯಾಬ್ ಕೊಟ್ಟು, ನಿಮ್ಮ ಮುಖ ನಿಮಗೆ ಎಷ್ಟು ತೃಪ್ತಿ ತಂದಿದೆ, ನಕ್ಷತ್ರ ಒತ್ತಿ ಎಂದು ಕೇಳುವ ಏರ್ಪಾಡು ಹೊಸದಾಗಿ ಬಂದಿತ್ತು. ಹೇಮಾ ಐದೂ ನಕ್ಷತ್ರ ಒತ್ತಿ ನನ್ನ ಕೈಗೆ ಕೊಟ್ಟಳು. ಕಣ್ಣಲ್ಲಿ ನೀರಿತ್ತು.

"ಮತ್ಯಾಕೆ ಅಳ್ತೀಯೇ?" ಎಂದೆ.

"ಡಾಕ್ಟ್ರು ಚೆನ್ನಾಗೇ ಮಾಡಿದ್ದಾರೆ ಸಿಸ್ಟರ್, ನಕ್ಷತ್ರ ಅದಕ್ಕೆ. ನಮ್ಮಜ್ಜಿ ನನ್ನ ಮುಖ ನೋಡಲ್ಲ. ಟೀವಿ ನೋಡ್ಕೊಂಡೇ ಮಾತಾಡುತ್ತೆ. ಅಪ್ಪನ್ನ ಎರಡನೇ ಸಲ ಕಳ್ಕೊಂಡ ಹಾಗೆ ಕೂತಿರುತ್ತೆ. ನಾನೇ ಕಳೆದುಹಾಕ್ಬಿಟ್ನಾ ಸಿಸ್ಟರ್?"

ಚೀಫ್ ಸಾರ್ ಪಕ್ಕದಲ್ಲೇ ಇದ್ದರು. ಈ ಸಲ ಅವರು ಇಂಜೆಕ್ಷನ್ ಎನ್ನಲಿಲ್ಲ. "ತೂಕ ಹೀಗೇ ಇಳಿದ್ರೆ ಮತ್ತೆ ಅಡ್ಮಿಟ್ ಮಾಡ್ಬೇಕಾಗುತ್ತೆ. ಏನಾದ್ರೂ ಮಾಡಿ ಸರೋಜಾ" ಎಂದು ನನ್ನ ಮೇಲೆ ಹಾಕಿ ಹೋದರು. ಏನು ಮಾಡಲಿ? ಮಾರನೆಯ ವಾರ ಅಜ್ಜಿಯನ್ನು ನಾನೇ ಹೋಗಿ ಕಾಣುವುದೆಂದು ತೀರ್ಮಾನಿಸಿದೆ. ಅಷ್ಟರಲ್ಲಿ ಅಜ್ಜಿಯೇ ನನ್ನನ್ನು ಕಂಡರು, ಅದೂ ಎಂಥ ರೀತಿಯಲ್ಲಿ!

ಮಧ್ಯಾಹ್ನದ ಊಟದ ಹೊತ್ತು. ಹೇಮಳ ತಾಯಿಯ ಫೋನು. "ಸಿಸ್ಟರ್, ನಾನು ಬಾಡಿಗೆಯವರ ನಲ್ಲಿ ರಿಪೇರಿ ಅಂತ ಮೇಲೆ ಹೋಗಿದ್ದೆ. ಬರೋಷ್ಟರಲ್ಲಿ ಅತ್ತೆ ಹೇಮಂಗೆ ಮುದ್ದೆ ತಿನ್ಸಿದ್ದಾರೆ! ಮುದ್ದೆ, ಸಿಸ್ಟರ್!"

"ಅಯ್ಯೋ ದೇವರೇ! ಉಸಿರಾಡ್ತಿದ್ದಾಳಾ?"

"ಉಸಿರಾಡ್ತಿದ್ದಾಳೆ. ಇನ್ನೊಂದ್ ಸ್ವಲ್ಪ ಸಾರು ಕೇಳ್ತಿದ್ದಾಳೆ."

"ಈಗಿಂದೀಗ್ಲೇ ಕರ್ಕೊಂಡ್ ಬನ್ನಿ. ಅಜ್ಜೀನೂ ಕರ್ಕೊಂಡ್ ಬನ್ನಿ!" ಎಂದು ಫೋನಿಟ್ಟೆ. ಮೂಳೆ ಇನ್ನೂ ಕೂಡಿಕೊಳ್ಳುತ್ತಿರುವ ದವಡೆ, ಒಂದು ಬೆರಳಿನಷ್ಟು ಮಾತ್ರ ತೆರೆಯುವ ಬಾಯಿ. ಪ್ಲೇಟು ಸರಿದಿದ್ದರೆ ಮತ್ತೆ ಕತ್ತರಿಸಬೇಕು. ನಾನು ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ.

ಮೂವರೂ ಬಂದರು. ನಡುವೆ ಹೇಮಾ, ಆಚೆಗೊಬ್ಬರು ಈಚೆಗೊಬ್ಬರು. ಸೀದಾ ಎಕ್ಸ್-ರೇಗೆ ಕಳಿಸಿದೆವು. ಎಂದೂ ದನಿ ಏರಿಸದ ಚೀಫ್ ಸಾರ್ ಅಂದು ಕಾರಿಡಾರಿನಲ್ಲೇ ಕೂಗಿದರು. "ಏನಮ್ಮಾ ಇದು? ಏನನ್ನೂ ಅಗಿಯಬಾರದು ಅಂತ ಎಷ್ಟು ಸಲ ಹೇಳಿದೀವಿ?"

ಪಿಳ್ಳಮ್ಮಜ್ಜಿ ಒಂದಿಂಚೂ ಅಲುಗಲಿಲ್ಲ. "ಅಗಿಬ್ಯಾಡ ಅಂದ್ರಿ, ಅಗಿಲಿಲ್ಲ. ಮುದ್ದೇನ ಯಾರ್ ಸಾಮಿ ಅಗೀತಾರೆ?"

ಚೀಫ್ ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಅವರೂ ಈ ಕಡೆಯವರೇ, ಮುದ್ದೆ ಉಂಡೇ ಬೆಳೆದವರು. ಅಜ್ಜಿಯ ಮಾತಿನಲ್ಲಿ ತಪ್ಪು ಎಲ್ಲಿದೆ ಹೇಳಿ? ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಅಗಿದವನನ್ನು ಪಂಕ್ತಿಯಲ್ಲಿ ಎಲ್ಲರೂ ನೋಡಿ ನಗುತ್ತಾರೆ. ಬಿಸ್ಕತ್ತು ಬೇಡ, ಚಪಾತಿ ಬೇಡ, ಚಿಪ್ಸು ಬೇಡ ಎಂದು ನಾವು ಹೇಳದೆ ಬಿಟ್ಟದ್ದು ಯಾವುದೂ ಇರಲಿಲ್ಲ, ಆನೇಕಲ್ ತಾಲೂಕಿನ ಜನಕ್ಕೆ ಮುದ್ದೆ ಬೇಡ ಎನ್ನುವುದನ್ನು ಮಾತ್ರ ನಮ್ಮಲ್ಲಿ ಒಬ್ಬರಿಗೂ ಹೇಳಬೇಕೆನಿಸಿರಲಿಲ್ಲ. ಅಂದಿನಿಂದ ಡಿಸ್ಚಾರ್ಜ್ ಮಾಡುವಾಗ ನಮ್ಮ ಮೊದಲ ಮಾತೇ ಅದು: ನುಂಗುವುದಾದರೂ ಸರಿ, ಮುದ್ದೆ ಇಲ್ಲ. ನೀವೂ ಮರೆಯಬೇಡಿ.

ಎಕ್ಸ್-ರೇ ಬಂತು. ಪ್ಲೇಟು, ಸ್ಕ್ರೂ, ಯಾವುದೂ ಕದಲಿರಲಿಲ್ಲ. ಚೀಫ್ ಸಾರ್ ಗೋಡೆಗೆ ಒರಗಿ ನಿಂತು ಉಸಿರು ಬಿಟ್ಟರು. ನಾನು ಅಜ್ಜಿಗೆ ಕುರ್ಚಿ ತೋರಿಸಿದೆ, ಈ ಸಲ ಕೂತರು. "ಹೋಗ್ಲಿ ಅಜ್ಜಿ, ಅದ್ಯಾಕೆ ಇವತ್ತು ತಿನ್ಸಕ್ಕೆ ಹೋದ್ರಿ?" ಎಂದು ಕೇಳಿದೆ.

"ಒಟ್ಟೆ ಒಣಗಿಸ್ಕಂಡು ಕುಂತಿತ್ತು ನರ್ಸಮ್ಮ. ಆ ಜೂಸು ಗೀಸು ಏನು ಊಟಾನಾ? ನೋಡಕ್ಕಾಗ್ಲಿಲ್ಲ. ಉಪ್ಸಾರು ಮಾಡಿ, ಮುದ್ದೇನ ಗೋಲಿ ಗಾತ್ರ ಮುರ್ದು ಬಾಯಿಗಿಟ್ಟೆ. ಅವಳೇ ರಬ್ಬರು ಬಿಚ್ಚಿದ್ಲು." ಅಜ್ಜಿಯ ದನಿ ತಗ್ಗಿತು. "ನುಂಗಿದ್ಲು ನೋಡವ್ವ. ಕತ್ತು ಒಂಚೂರು ಮೇಲಕ್ಕೆತ್ತಿ, ಎಡಗಣ್ಣು ಮುಚ್ಕಂಡು, ಗುಳುಕ್ ಅಂತ. ನನ್ ಮಗ ಇಂಗೇನೇ ನುಂಗ್ತಿದ್ದುದ್ದು. ಇಡೀ ಊರ್ನಾಗೆ ಯಾರೂ ಕಣ್ಣು ಮುಚ್ಕಂಡು ನುಂಗಲ್ಲ, ಅವನೊಬ್ನೇ. ಇಷ್ಟ್ ದಿನ ಇವಳಾಗೂ ಐತೆ ಅಂತ ನಾನು ನೋಡೇ ಇರ್ನಿಲ್ಲ. ಬರೀ ಗದ್ದ ನೋಡ್ಕಂಡಿದ್ದೆ ಮೂದೇವಿ. ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ಕೊಡ್ತಾನೇ ಇದ್ದೆ. ಅವಳಿಗೆ ಒಟ್ಟೆ ತುಂಬ್ಲಿ ಅಂತಲ್ಲ. ನಂಗೆ ನೋಡ್ಬೇಕಾಗಿತ್ತು."

ಹೇಮಾ ಅಲ್ಲಿಯೇ ಬಾಗಿಲ ಹತ್ತಿರ ನಿಂತಿದ್ದಳು. ಆಪರೇಷನ್ ಆದಮೇಲೆ ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಜೋಮು ಹಿಡಿದ ತುಟಿ, ನಗು ಒಂದು ಕಡೆಗೇ ವಾಲಿಕೊಂಡು ಬಂತು, ಬಾಯಿಂದ ಜೊಲ್ಲು ಸೋರಿತು. ನನಗಂತೂ ಅಷ್ಟು ಚೆಂದದ ನಗುವನ್ನು ಯಾವ ಕಂಪ್ಯೂಟರೂ ತೋರಿಸಿರಲಿಲ್ಲ. ಕಣ್ಣು ಒರೆಸಿಕೊಳ್ಳದೆ ಇರಲು ಆಗಲಿಲ್ಲ, ಒರೆಸಿಕೊಂಡೆ.

"ಹಾಗಾದ್ರೆ ಯಾಕಜ್ಜಿ ನನ್ನ ಗದ್ದ ಮುಟ್ಟಲ್ಲ?" ಎಂದಳು. ಅಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ.

"ಮೊದಮೊದ್ಲು ನೋಡಿದ್ರೆ ಸಂಕಟ ಆಗ್ತಿತ್ತು ಕಣೆ, ಸುಳ್ಯಾಕೆ ಹೇಳ್ಲಿ. ಆಮ್ಯಾಕೆ ಎದ್ರಿಕೆ. ಸ್ಕ್ರೂ ಆಕವ್ರೆ ಅಂದ್ರು. ನನ್ ಕೈ ಮೊದ್ಲೇ ಒರಟು. ಇಡ್ಕಂಡ್ರೆ ಕಳಚ್ಕಂಡು ಬಂದ್ಬಿಟ್ರೆ?"

ನಾನು ಚೀಫ್ ಸಾರ್ ಮುಖ ನೋಡಿದೆ. ಅವರು ಎಕ್ಸ್-ರೇಯನ್ನು ಮೇಜಿನ ಮೇಲಿಟ್ಟು, "ಕಳಚಲ್ಲ ಅಜ್ಜಿ. ಮೆಲ್ಲಗೆ ಹಿಡ್ಕೊಳ್ಳಿ" ಎಂದರು. ನಾನು ಆ ಒರಟು ಕೈಯನ್ನು ತೊಳೆಸಿ, ಒರೆಸಿ, ತಂದು ಹುಡುಗಿಯ ಗದ್ದಕ್ಕೆ ಇಟ್ಟೆ. ಐದು ಬೆರಳೂ ಒಂದೊಂದಾಗಿ ಹೊಸ ಗದ್ದದ ಮೇಲೆ ಕೂತವು. ಅಜ್ಜಿ ಕೇಳಿದರು, "ನೋಯ್ತೈತಾ ಏಮಾ?"

"ಏನೂ ಗೊತ್ತಾಗ್ತಿಲ್ಲ ಅಜ್ಜಿ. ಜೋಮು." ಹೇಮಾ ತನ್ನ ಕೈಯನ್ನು ಆ ಕೈಯ ಮೇಲಿಟ್ಟು ಒತ್ತಿ ಹಿಡಿದಳು. "ಆದ್ರೂ ತೆಗೀಬೇಡ."